ಫಾರ್ವರ್ಡ್ ಆಗಿ ಬಂದ ‘ಆಟಿಸಂ ಸ್ಕ್ಯಾನ್’: ಬ್ಯಾಚ್ ಗುಂಪಿನ ಚರ್ಚೆ

ಗಿರೀಶ: (ಫಾರ್ವರ್ಡ್) ಮಿದುಳಿನ ಎಂಆರ್‌ಐ ನೋಡಿ ಎಐ ಆಟಿಸಂ ಹೇಳುತ್ತೆ. ಶೇ. 90ರ ಮೇಲೆ ನಿಖರ!

ವೀಣಾ: ಯಾರ ಸ್ಕ್ಯಾನ್ ಮೇಲೆ ಪರೀಕ್ಷೆ ಮಾಡಿದ್ರು ಅನ್ನೋದೇ ಇಲ್ವಲ್ಲ ಗಿರೀಶ. ಹೆಚ್ಚಿನವರು ಬಳಸೋದು ಎಬೈಡ್ ಡೇಟಾ, ಅಂದ್ರೆ ಹಲವು ಕೇಂದ್ರಗಳ ಮಿದುಳು ಸ್ಕ್ಯಾನ್‌ಗಳ ಸಾರ್ವಜನಿಕ ಸಂಗ್ರಹ. 2012ರ ಮೊದಲ ಕಂತಲ್ಲಿ 17 ಕೇಂದ್ರಗಳ 1112 ಜನ, ಅವರಲ್ಲಿ ಆಟಿಸಂ ಇರೋರು 539. ಒಂದೇ ಕೇಂದ್ರದವರು ಮಾಡೆಲ್‌ಗೆ ಕಲಿಸೋ ಪಾಲಲ್ಲೂ (ಟ್ರೇನಿಂಗ್) ಪರೀಕ್ಷಿಸೋ ಪಾಲಲ್ಲೂ (ಟೆಸ್ಟ್) ಇದ್ರೆ ಮಾಡೆಲ್ ಮಿದುಳಿನ ಬದಲು ಸ್ಕ್ಯಾನರ್ ಗುರುತು ಹಿಡಿಯೋ ಅಪಾಯ ಇದೆ.

ಗಿರೀಶ: ಅದನ್ನ ಸರಿಪಡಿಸೋಕೇ ಕಾಂಬ್ಯಾಟ್ ಹಾಕ್ತಾರಲ್ಲ, ಕೇಂದ್ರ ಕೇಂದ್ರದ ನಡುವಿನ ಸ್ಕ್ಯಾನರ್ ವ್ಯತ್ಯಾಸ ತೆಗೆಯೋ ಲೆಕ್ಕದ ವಿಧಾನ.

ವೀಣಾ: ಡೇಟಾ ಪಾಲು ಮಾಡೋಕೆ ಮುಂಚೇನೇ ಹಾಕಿದ್ರೆ ಟೆಸ್ಟಿನ ಮಾಹಿತಿ ಸೋರುತ್ತೆ. ಮಿದುಳನ್ನ 200 ಭಾಗ ಮಾಡಿದ್ರೆ 19,900 ಜೋಡಿ ಸಂಪರ್ಕ (ಎರಡು ಭಾಗಗಳ ಚಟುವಟಿಕೆ ಎಷ್ಟು ಒಟ್ಟಿಗೆ ಏರಿಳಿಯುತ್ತೆ ಅನ್ನೋ ಅಳತೆ), ಜನ ಬರೀ ಸಾವಿರ. ಎಲ್ಲರನ್ನೂ ನೋಡಿ ‘ಒಳ್ಳೇ ಜೋಡಿ’ ಆರಿಸಿದ್ರೆ ಉತ್ತರ ಪತ್ರಿಕೆ ಮೊದಲೇ ಕೈಗೆ ಕೊಟ್ಟ ಹಾಗೆ. ಎಬೈಡ್ ಮೇಲೆ ಆಟೋಎನ್‌ಕೋಡರ್ (ಒಂದು ಬಗೆಯ ಎಐ ಮಾಡೆಲ್) ಬಳಸಿದ 2018ರ ಪ್ರಬಂಧದಲ್ಲಿ ಬಂದ ನಿಖರತೆ ಶೇ. 70. ಇಡೀ ಕೇಂದ್ರವನ್ನೇ ಹೊರಗಿಟ್ಟು ನೋಡಿದಾಗ ಸುಮಾರು 65.

ಅನಂತ: ತಲೆ ಅಲುಗಾಟ ಮರೀಬೇಡಿ. ಅರ್ಧ ಮಿಲಿಮೀಟರ್ ಅಲುಗಿದ್ರೂ ಹತ್ತಿರದ ಭಾಗಗಳ ಸಂಪರ್ಕ ಜಾಸ್ತಿ, ದೂರದ್ದು ಕಮ್ಮಿ ಕಾಣುತ್ತೆ. ಆಟಿಸಂ ಲಕ್ಷಣ ಅಂತ ಹೇಳ್ತಿದ್ದದ್ದೂ ಇದನ್ನೇ! ಅಲುಗಿದ ಕ್ಷಣದ ಚಿತ್ರಗಳನ್ನ (ಫ್ರೇಮ್) ತೆಗೆದರೆ ಸಾಲದು, ಎರಡೂ ಗುಂಪಿನ ಅಲುಗಾಟ ಸಮ ಇರಬೇಕು. ಮಂಪರು ಔಷಧಿ ಕೊಟ್ಟು ಮಲಗಿಸಿದ್ರೆ ಸಂಪರ್ಕದ ಚಿತ್ರವೇ ಬೇರೆ ಆಗುತ್ತೆ.

ಗಿರೀಶ: ಹಂಗಂತ ಪೂರ್ತಿ ತಳ್ಳಿಹಾಕೋದು ತಪ್ಪು ಕಣೋ. 2017ರಲ್ಲಿ ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ 59 ಕೂಸುಗಳನ್ನ 6 ತಿಂಗಳಲ್ಲಿ, ಸಹಜ ನಿದ್ದೆಯಲ್ಲೇ ಸ್ಕ್ಯಾನ್ ಮಾಡಿದ್ರು. ಎರಡು ವರ್ಷಕ್ಕೆ ಆಟಿಸಂ ಅಂತಾದ 11ರಲ್ಲಿ 9ನ್ನ ಮಾಡೆಲ್ ಮೊದಲೇ ಹಿಡಿದಿತ್ತು, ಒಂದೂ ಸುಳ್ಳು ಎಚ್ಚರಿಕೆ ಇಲ್ಲ. ಮಾತು ಶುರುವಾಗೋ ಮೊದಲೇ ಗೊತ್ತಾಗೋದು ಸಣ್ಣ ವಿಷಯವಾ?

ವೀಣಾ: ಸಣ್ಣದಲ್ಲ. ಆದರೆ 11 ಮಕ್ಕಳು. ಅಂಥ ಮನೆಗಳಲ್ಲಿ ಸಾಧ್ಯತೆಯೂ ಹೆಚ್ಚು. ಎಲ್ಲ ಮಕ್ಕಳಿಗೂ ಹಾಕಿ ನೋಡು: ಸಾವಿರಕ್ಕೆ 10 ಮಕ್ಕಳಿಗೆ ಆಟಿಸಂ, ಮಾಡೆಲ್ ಆಟಿಸಂ ಇರೋರಲ್ಲೂ ಇಲ್ಲದೋರಲ್ಲೂ ಶೇ. 90 ಸರಿ ಅಂದ್ಕೋ. ಸಿಗೋರು 9, ಇಲ್ಲದೇ ಇದೆ ಅನ್ನಿಸಿಕೊಳ್ಳೋರು 99.

ಗಿರೀಶ: ಎಲ್ಲರಿಗೂ ಬೇಡ, ಒಪ್ಪಿದೆ. ಒಡಹುಟ್ಟಿದವರ ಅಧ್ಯಯನ ಮಾತ್ರ ದೊಡ್ಡದಾಗಿ ಮತ್ತೆ ನಡೀಲೇಬೇಕು.

ಅನಂತ: ನಡೀಲಿ. ಇವತ್ತು ಯಾರಾದ್ರೂ ಕೇಳಿದ್ರೆ ಮೊದಲು ಕಿವಿ ಪರೀಕ್ಷೆ. 16ರಿಂದ 30 ತಿಂಗಳೊಳಗೆ ಎಂ-ಚಾಟ್-ಆರ್‌ನ 20 ಪ್ರಶ್ನೆ, ಅಪ್ಪ ಅಮ್ಮ ಉತ್ತರಿಸೋ ಆಟಿಸಂ ತಪಾಸಣೆ ಪಟ್ಟಿ ಅದು. ದೊಡ್ಡ ಮಕ್ಕಳಿಗೆ ಐಸಾದ (ಆಟಿಸಂ ಅಳೆಯೋ ಭಾರತೀಯ ಮಾಪನ) 40 ಅಂಶ, ಮೊತ್ತ 70 ಅಥವಾ ಹೆಚ್ಚಿದ್ರೆ ಆಟಿಸಂ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ನಿಮ್ಹಾನ್ಸ್‌ಗೆ ಕಳಿಸಿ. ಫಿಟ್ಸ್ ಇದ್ರೆ, ತಲೆಯ ಸುತ್ತಳತೆ ಅಸಹಜ ಇದ್ರೆ ಎಂಆರ್‌ಐ ಬೇಕೋ ಬೇಡ್ವೋ ಡಾಕ್ಟರೇ ಹೇಳ್ತಾರೆ.

ಗಿರೀಶ: ಫಾರ್ವರ್ಡ್ ಜೊತೆ ವೀಣಾಳ ಲೆಕ್ಕಾನೂ ಹಾಕಿ ಕಳಿಸ್ತೀನಿ.

ವೀಣಾ: ಫಾರ್ವರ್ಡೇ ಬೇಡ ಗಿರೀಶ. ಅನಂತ ಬರೆದದ್ದನ್ನ ಕಳಿಸು.