ಕನ್ನಡ ವಿಸಿಟಿಂಗ್ ಕಾರ್ಡ್: ಪ್ರೂಫ್‌ನಲ್ಲಿ ಒತ್ತು ಒಡೆದಿದೆ, ನೀಲಿ ನೇರಳೆಯಾಗಿದೆ, ಕ್ಯೂಆರ್ ಓದುತ್ತಿಲ್ಲ

ಮೊಳೆ_ಸುತ್ತಿಗೆ ಕೇಳಿದ್ದು:

ಹಾರ್ಡ್‌ವೇರ್ ಅಂಗಡಿಗೆ ವಿಸಿಟಿಂಗ್ ಕಾರ್ಡ್. ಮುಂದೆ ಕನ್ನಡ, ಹಿಂದೆ ಇಂಗ್ಲಿಷ್. ಅಂಗಡಿ ಹೆಸರು ‘ಧನಲಕ್ಷ್ಮಿ’ ಅಂತ ಶುರುವಾಗುತ್ತೆ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿ ಮಾಡಿದ ಪಿಡಿಎಫ್ ಪ್ರೆಸ್ಸಿಗೆ ಹೋಗಿದೆ, ಪ್ರೂಫ್ ಬಂದಿದೆ. ತೊಂದರೆಗಳು ಇವು:

1. ‘ಲಕ್ಷ್ಮಿ’ ಅನ್ನೋದು ‘ಲಕ್‌ಷ್‌ಮಿ’ ಅಂತ ಸಾಲಾಗಿ ನಿಂತಿದೆ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಸರಿಯಾಗೇ ಇದೆ.
2. ಹಿನ್ನೆಲೆಯ ಗಾಢ ನೀಲಿ, ಕಾಗದದ ಮೇಲೆ ಬದನೆಕಾಯಿ ಬಣ್ಣ.
3. ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿರುವ ಹೆಸರಿನ ‘ಧ’ದ ಸೀಳು ಮುಚ್ಚಿಹೋಗಿದೆ.
4. ಹೆಸರು, ವಿಳಾಸ, ಎರಡು ನಂಬರು, ಮೇಲ್ ಎಲ್ಲ ಸೇರಿಸಿ ಮಾಡಿದ ಕ್ಯೂಆರ್ 15 ಮಿ.ಮೀ. ಇದೆ. ಹಳೇ ಫೋನುಗಳು ಓದುತ್ತಿಲ್ಲ.

ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಅಳತೆ, ರೇಟು ಬರೆದುಕೊಡುವಂತಿರಬೇಕು. 500 ಕಾರ್ಡ್ ಸಾಕು. ಯಾವ ಕಾಗದ?

ಅಚ್ಚುಮೊಳೆ ಉತ್ತರ:

ಮೊದಲನೆಯದರಲ್ಲಿ ನಿಮ್ಮ ಫೈಲಿನ ತಪ್ಪಿಲ್ಲ, ಅದು ಪ್ರೆಸ್ಸಿನಲ್ಲಿ ತೆರೆದುಕೊಂಡ ಬಗೆಯಲ್ಲಿದೆ. ನಮ್ಮ ಕಡೆ ಬಹಳಷ್ಟು ಡಿಟಿಪಿ ಟೇಬಲ್ಲುಗಳಲ್ಲಿ ಇವತ್ತಿಗೂ ಹಳೇ ಕೋರೆಲ್‌ಡ್ರಾ ಮತ್ತು ನುಡಿ, ಶ್ರೀಲಿಪಿಯ ಯೂನಿಕೋಡ್ ಅಲ್ಲದ ಫಾಂಟುಗಳೇ ನಡೆಯುತ್ತವೆ. ಆ ಫಾಂಟುಗಳಲ್ಲಿ ಒತ್ತು ಅನ್ನೋದು ಬೇರೆಯೇ ಒಂದು ಚಿತ್ರ, ಆಪರೇಟರ್ ಕೀಲಿ ಒತ್ತಿ ತಂದು ಕೂರಿಸುತ್ತಾರೆ. ಯೂನಿಕೋಡ್‌ನಲ್ಲಿ ‘ಕ್ಷ್ಮಿ’ ಅಂದರೆ ಕ, ಹಲಂತ, ಷ, ಹಲಂತ, ಮ, ಗುಡಿಸು ಅನ್ನುವ ಆರು ಸಂಕೇತಗಳ ಸಾಲು ಮಾತ್ರ. ಅದನ್ನು ಕಟ್ಟಿ ಒಂದು ಅಕ್ಷರ ಮಾಡುವುದು ತಂತ್ರಾಂಶದ ಕೆಲಸ. ಪಿಡಿಎಫ್ ಅನ್ನು ನೇರ ಪ್ರಿಂಟಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹಾಳೆಗೆ ಕೂರಿಸಲು ಕೋರೆಲ್‌ಡ್ರಾಗೆ ಇಂಪೋರ್ಟ್ ಮಾಡಿದ್ದಾರೆ, ಅಲ್ಲಿ ಅಕ್ಷರವೆಲ್ಲ ಮತ್ತೆ ಬಿಡಿಬಿಡಿ ಸಂಕೇತವಾಗಿದೆ.

ಪರಿಹಾರ: ಇಂಕ್‌ಸ್ಕೇಪ್‌ನಲ್ಲಿ ಪಿಡಿಎಫ್ ಉಳಿಸುವಾಗ ಬರುವ ಕಿಟಕಿಯಲ್ಲಿ ‘ಅಕ್ಷರಗಳನ್ನು ಪಾತ್ ಮಾಡು’ ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿ. ಅಲ್ಲಿಂದಾಚೆಗೆ ಅದು ಅಕ್ಷರವಲ್ಲ, ಬರೀ ಆಕಾರ; ಯಾವ ಪ್ರೆಸ್ಸಿನಲ್ಲೂ ಒಡೆಯಲ್ಲ. ತಿದ್ದುವುದಕ್ಕೆ ಮೂಲ ಎಸ್‌ವಿಜಿ (ಇಂಕ್‌ಸ್ಕೇಪ್ ಉಳಿಸುವ ಫೈಲು) ಬೇರೆ ಇಟ್ಟುಕೊಳ್ಳಿ. ಪಾತ್ ಆದಮೇಲೆ ಫೋನ್ ನಂಬರಿನ ಒಂದು ಅಂಕಿ ತಪ್ಪಿದ್ದರೂ ತಿದ್ದಲಾಗದು.

ಇನ್ನೊಂದು ಬಲೆ ಇದೆ. ಪ್ರೆಸ್ಸಿನವರು ಪಾತ್‌ಗಳನ್ನೆಲ್ಲ ಆರಿಸಿ ‘ಕಂಬೈನ್’ ಹೊಡೆಯುವ ಅಭ್ಯಾಸ ಇಟ್ಟುಕೊಂಡಿರುತ್ತಾರೆ. ಕನ್ನಡದಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ತಾಗಿಕೊಂಡೇ ಇರುತ್ತೆ. ಎರಡು ಆಕಾರ ಒಂದರ ಮೇಲೊಂದು ಬಿದ್ದ ಕಡೆ ‘ಕಂಬೈನ್’ ತೂತು ಮಾಡುತ್ತೆ, ಅಕ್ಷರದ ನಡುವೆ ಹುಳ ತಿಂದಂತೆ ಬಿಳಿ ಚುಕ್ಕೆ ಕಾಣುತ್ತೆ. ‘ವೆಲ್ಡ್’ ಮಾಡಿದರೆ ಒಂದೇ ಆಕಾರ. ಇಂಕ್‌ಸ್ಕೇಪ್‌ನಲ್ಲಿ ನೀವೇ ‘ಯೂನಿಯನ್’ ಮಾಡಿ ಕಳಿಸಿಬಿಡಿ, ಆ ಮಾತೇ ಬೇಡ.

ಪಾತ್ ಮಾಡುವ ಮೊದಲು ‘ಹಾರ್ಡ್‌ವೇರ್’ ಪದ ನೋಡಿ. ವಾಟ್ಸ್‌ಆಪ್‌ನಿಂದ ನಕಲು ಮಾಡಿ ತಂದದ್ದಾದರೆ ನಡುವಿನ ಕಾಣದ ಸಂಕೇತ ಉದುರಿ ‘ಹಾರ್ಡ್ವೇರ್’ ಆಗಿರಬಹುದು. ಡ್ ಆದಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು ಒತ್ತಿ, 200ಸಿ ಅಂತ ಹೊಡೆದು ಎಂಟರ್ ಕೊಟ್ಟರೆ ಎರಡೂ ಬಿಡಿಯಾಗುತ್ತವೆ.

ಸಾಲುಗಳ ಅಂತರವನ್ನೂ ನೋಡಿಕೊಳ್ಳಿ. ಇಂಗ್ಲಿಷಿನ ರೂಢಿಯ 120% ಕನ್ನಡಕ್ಕೆ ಸಾಲದು: ಮೇಲಿನ ಸಾಲಿನ ‘ಷ್ಟ್ರ’ದ ಬಾಲ ಕೆಳಗಿನ ಸಾಲಿನ ಗುಡಿಸಿನ ತಲೆಗೆ ತಾಗುತ್ತೆ. 9 ಪಾಯಿಂಟ್ ಅಕ್ಷರಕ್ಕೆ 13ರಿಂದ 14 ಪಾಯಿಂಟ್ ಸಾಲು ಕೊಡಿ.

ಸಯಾನ್_ಸಿದ್ದ ಉತ್ತರ:

2 ಮತ್ತು 3ಕ್ಕೆ.

ಇಂಕ್‌ಸ್ಕೇಪ್ ಕೊಡುವ ಪಿಡಿಎಫ್ ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕ. ಅಚ್ಚಿನ ಶಾಯಿ ನಾಲ್ಕು: ಸಯಾನ್ (ತಿಳಿನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು; ಇದೇ ಸಿಎಂವೈಕೆ. ಪರದೆಯ ನೀಲಿಯನ್ನು ಯಂತ್ರ ತಾನೇ ಬದಲಾಯಿಸಿಕೊಂಡಾಗ ಸಯಾನ್ ಮತ್ತು ಮಜೆಂಟಾ ಹತ್ತಿರಹತ್ತಿರ ಬರುತ್ತವೆ, ಹತ್ತಿರ ಬಂದರೆ ನೇರಳೆಯೇ. ಎರಡರ ನಡುವೆ ಕನಿಷ್ಠ 30 ಅಂಕದ ಅಂತರ ಬೇಕು. ಸಯಾನ್ 100, ಮಜೆಂಟಾ 65, ಕಪ್ಪು 20 ಇಟ್ಟು ನೋಡಿ, ಗಾಢವೂ ಇರುತ್ತೆ, ನೀಲಿಯಾಗೂ ಇರುತ್ತೆ. ಇದಕ್ಕೆ ಸ್ಕ್ರೈಬಸ್ ಅನ್ನೋ ಪುಟವಿನ್ಯಾಸದ ತಂತ್ರಾಂಶ ಬೇಕು: ಅಕ್ಷರಗಳನ್ನು ಪಾತ್ ಮಾಡಿದ ಎಸ್‌ವಿಜಿ ಇಂಪೋರ್ಟ್ ಮಾಡಿ, ಬಣ್ಣಗಳ ಪಟ್ಟಿಯಲ್ಲಿ ಬಂದ ಒಂದೊಂದನ್ನೂ ಸಿಎಂವೈಕೆಗೆ ಬದಲಾಯಿಸಿ. ಚಿಕ್ಕ ಅಕ್ಷರದ ಕಪ್ಪು ಬರೀ ಕಪ್ಪು 100 ಇರಲಿ, ಉಳಿದ ಮೂರೂ ಸೊನ್ನೆ. ಆರ್‌ಜಿಬಿ ಕಪ್ಪನ್ನು ಹಾಗೇ ಬಿಟ್ಟರೆ ನಾಲ್ಕೂ ಶಾಯಿ ಒಂದರ ಮೇಲೊಂದು ಬಿದ್ದು, ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತೆ.

ಈಗ ‘ಧ’. ನಗುವ ವಿಷಯವಲ್ಲ, ಆ ಹೊಟ್ಟೆ ಸೀಳು ಮುಚ್ಚಿದರೆ ಧನಲಕ್ಷ್ಮಿ ದನಲಕ್ಷ್ಮಿ ಆಗುತ್ತಾಳೆ. ಬಿಳಿ ಅಕ್ಷರವೆಂದರೆ ಶಾಯಿ ಬೀಳದೆ ಉಳಿದ ಜಾಗ. ಸುತ್ತಲಿನ ಶಾಯಿ ಒಳಗೆ ಹರಡುತ್ತೆ, ಜೊತೆಗೆ ಸಯಾನ್ ಒಂದು ಕಡೆ, ಮಜೆಂಟಾ ಇನ್ನೊಂದು ಕಡೆ ಸರಿದು ಇನ್ನಷ್ಟು ಕಿರಿದಾಗುತ್ತೆ. ಮೊದಲು ಸಾಯುವುದು ಇಂಥ ಗೀಟುಗಳೇ: ಧ, ಢ, ಭ, ಫಗಳ ಸೀಳು. ಮೇಲಾಗಿ ನೋಟೋ ಸೆರಿಫ್‌ನಲ್ಲಿ ದಪ್ಪ ಗೆರೆ, ಸಣ್ಣ ಗೆರೆ ಎರಡೂ ಇವೆ. ಬಿಳಿ ಅಕ್ಷರಕ್ಕೆ ಒಂದೇ ದಪ್ಪದ ಗೆರೆಯ ಫಾಂಟ್ ಹಾಕಿ, ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದ ಸೆಮಿಬೋಲ್ಡ್. ಗಾತ್ರ 11 ಪಾಯಿಂಟಿಗಿಂತ ಕೆಳಗೆ ಬೇಡ. ಆಮೇಲೆ ಪರದೆಯಲ್ಲಿ ಹಿಗ್ಗಿಸಿ ನೋಡಿ ಸಮಾಧಾನ ಪಡಬೇಡಿ; ಮನೆಯ ಪ್ರಿಂಟರಿನಲ್ಲಿ 100% ಅಳತೆಗೆ ತೆಗೆದು ಕೈಯಳತೆ ದೂರದಲ್ಲಿ ಹಿಡಿದು ಓದಿ.

ನನ್ನ ಅಭಿಪ್ರಾಯ ಕೇಳಿದರೆ ನೀಲಿ ಹಿನ್ನೆಲೆಯೇ ಬೇಡ. ಬಿಳಿ ಕಾರ್ಡು, ಹೆಸರು ಮಾತ್ರ 16–18 ಪಾಯಿಂಟಿನಲ್ಲಿ ನೀಲಿ, ಉಳಿದದ್ದೆಲ್ಲ ಕಪ್ಪು. ಮೂರನೇ ತೊಂದರೆ ಹುಟ್ಟುವುದೇ ಇಲ್ಲ.

ಮೊಳೆ_ಸುತ್ತಿಗೆ:

ಬಿಳಿ ಕಾರ್ಡಿಗೆ ಸುತ್ತ ಒಂದು ತೆಳು ನೀಲಿ ಚೌಕಟ್ಟು ಹಾಕಬಹುದಾ?

ಸಯಾನ್_ಸಿದ್ದ:

ಅಂಚಿನಿಂದ 2 ಮಿ.ಮೀ. ಒಳಗೆ ಹಾಕಿದರೆ ಕೆಡುತ್ತೆ. ಕಟಿಂಗ್ ಮೆಷಿನ್ನಿನಲ್ಲಿ ಹಾಳೆಗಳ ಅಟ್ಟಿಯನ್ನು ಒಟ್ಟಿಗೆ ಕತ್ತರಿಸುವಾಗ 1 ಮಿ.ಮೀ. ಸರಿಯುವುದು ಮಾಮೂಲು. ಆಗ ಒಂದು ಕಡೆ 1, ಎದುರು ಕಡೆ 3 ಉಳಿಯುತ್ತೆ, ಕಣ್ಣಿಗೆ ಹೊಡೆಯುತ್ತೆ. ಬೇಕೇ ಬೇಕಾದರೆ 5 ಮಿ.ಮೀ. ಒಳಗೆ. ಅದೇ ಕಾರಣಕ್ಕೆ ಯಾವ ಅಕ್ಷರವೂ ಅಂಚಿಗೆ 4 ಮಿ.ಮೀ.ಗಿಂತ ಹತ್ತಿರ ಬರದಿರಲಿ. ಅಂಚಿನವರೆಗೆ ಬಣ್ಣ ಇದ್ದರೆ ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಚಾಚಿಸಿ.

ಕಡಲತಡಿ ಉತ್ತರ:

ಕಾಗದ. ಎಲ್ಲರೂ ಹೇಳುವುದು 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಅಳತೆ) ಆರ್ಟ್ ಕಾರ್ಡ್ ಅನ್ನೋ ನುಣುಪು ಕಾಗದ, ಎರಡೂ ಬದಿ ಮ್ಯಾಟ್ ಲ್ಯಾಮಿನೇಶನ್. ನೋಡಲು ಚೆನ್ನ, ಆದರೆ ಬಾಲ್‌ಪೆನ್ ಅದರ ಮೇಲೆ ಜಾರುತ್ತೆ, ಬಿದ್ದ ಶಾಯಿಯೂ ಬೆರಳಿಗೆ ಒರೆಸಿಹೋಗುತ್ತೆ. ನಿಮ್ಮ ಕೆಲಸಕ್ಕೆ ಆಗದು.

ಹಾಗಾದರೆ ಮುಂದೆ ಮಾತ್ರ ಲ್ಯಾಮಿನೇಶನ್ ಅನ್ನೋಣ ಅಂದುಕೊಳ್ಳುತ್ತೀರಿ. ಬೇಸಿಗೆಯಲ್ಲಿ ಪರವಾಗಿಲ್ಲ. ಮಂಗಳೂರು, ಉಡುಪಿ, ತೀರ್ಥಹಳ್ಳಿ ಕಡೆ ಜೂನ್ ಬಂತೆಂದರೆ ಕಾರ್ಡು ಹಪ್ಪಳದಂತೆ ಬಾಗುತ್ತೆ. ಫಿಲ್ಮ್ ಇರುವ ಬದಿಗೆ ತೇವ ಹೋಗುವುದಿಲ್ಲ, ಬರಿಯ ಬದಿ ತೇವ ಹೀರಿ ಹಿಗ್ಗುತ್ತೆ. ಹಿಗ್ಗದ ಕಡೆಗೆ, ಅಂದರೆ ಫಿಲ್ಮಿನ ಕಡೆಗೆ, ಸುರುಳಿ. ತೇವಕ್ಕೆ ದಾರಿ ಬಿಡುವ ನೈಲಾನ್ ಫಿಲ್ಮ್ ಇದೆ, ‘ಲೇ ಫ್ಲ್ಯಾಟ್’ ಅಂತ ಕೇಳಿ. ಎಲ್ಲ ಕಡೆ ಇಟ್ಟಿರುವುದಿಲ್ಲ, ಬೆಲೆಯೂ ಜಾಸ್ತಿ.

ನಾನು ಹೇಳುವುದು: ಕೋಟಿಂಗ್ ಇಲ್ಲದ 300 ಜಿಎಸ್‌ಎಂ ಬಿಳಿ ಬೋರ್ಡ್, ಲ್ಯಾಮಿನೇಶನ್ನೇ ಇಲ್ಲ. ಎರಡೂ ಬದಿ ಪೆನ್ನು ಹಿಡಿಯುತ್ತೆ, ಬಾಗಿದರೂ ಎರಡೂ ಕಡೆ ಸಮನಾಗಿ ಹೀರುವುದರಿಂದ ಅಷ್ಟು ಬಾಗದು. ಬಣ್ಣ ಸ್ವಲ್ಪ ಮಂಕಾಗುತ್ತೆ, ಅದನ್ನು ಒಪ್ಪಿಕೊಳ್ಳಬೇಕು. ಬಿಳಿ ಕಾರ್ಡ್ ಸಲಹೆಗೆ ಇದು ಹೊಂದುತ್ತೆ. ನೀಲಿ ಹಿನ್ನೆಲೆಯನ್ನು ಇದರ ಮೇಲೆ ಹಾಕಿದರೆ ಕತ್ತರಿಸಿದ ಅಂಚಿನಲ್ಲಿ ಟೋನರ್ (ಡಿಜಿಟಲ್ ಯಂತ್ರದ ಪುಡಿ ಶಾಯಿ) ಚಕ್ಕೆ ಎದ್ದು ಬಿಳಿ ಕಾಣುತ್ತೆ.

ಇನ್ನು ಇಂಗ್ಲಿಷ್ ಬದಿಯನ್ನು ಮೇಲಿನ ಅರ್ಧಕ್ಕೆ ಎತ್ತಿ, ಕೆಳಗೆ 22–25 ಮಿ.ಮೀ. ಖಾಲಿ ಬಿಡಿ. ಬರೆಯಲು ಜಾಗವೇ ಇಲ್ಲದಿದ್ದರೆ ಬರೆಯುವ ಕಾಗದ ಇದ್ದು ಏನು ಮಾಡುವುದು?

ಚೌಕುಳಿ ಉತ್ತರ:

ಕ್ಯೂಆರ್ ಬಗ್ಗೆ ಯಾರೂ ಹೇಳಿಲ್ಲ.

ಕನ್ನಡದ ಒಂದೊಂದು ಸಂಕೇತವೂ ಕ್ಯೂಆರ್ ಒಳಗೆ 3 ಬೈಟ್ ತಿನ್ನುತ್ತೆ. ಮೇಲೆ ಹೇಳಿದ ‘ಕ್ಷ್ಮಿ’ ಒಂದೇ 18 ಬೈಟ್, ‘ಧನಲಕ್ಷ್ಮಿ’ 27. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 12. ಪೂರ್ತಿ ವಿಳಾಸ ತುಂಬಿದರೆ 200 ಬೈಟ್ ದಾಟುವುದು ಸುಲಭ. ಆಗ ಚೌಕಗಳು ಒಂದು ಸಾಲಿಗೆ 57 ಆಗುತ್ತವೆ, 15 ಮಿ.ಮೀ.ಗೆ 57 ಅಂದರೆ ಒಂದೊಂದು ಚೌಕ ಸುಮಾರು ಕಾಲು ಮಿ.ಮೀ. ಒರಟು ಕಾಗದದ ಮೇಲೆ ಅದು ಕಲಸಿಹೋಗುತ್ತೆ.

ವಿಳಾಸ ತೆಗೆದುಹಾಕಿ, ವಾಟ್ಸ್‌ಆಪ್‌ನ ಚಿಕ್ಕ ಲಿಂಕ್ (https://wa.me/ ಆದಮೇಲೆ ನಂಬರು) ಮಾತ್ರ ಇಡಿ. ಲಿಂಕಿನ ಭಾಗ 14 ಅಕ್ಷರ, 91 ಸೇರಿಸಿದ ನಂಬರು 12, ಒಟ್ಟು 26. ಮಧ್ಯಮ ದೋಷ ತಿದ್ದುಪಡಿ (ಸ್ವಲ್ಪ ಭಾಗ ಕೆಟ್ಟರೂ ಓದಿಸುವ ವ್ಯವಸ್ಥೆ) ಇಟ್ಟರೆ ಎರಡನೇ ಆವೃತ್ತಿಯ ಕ್ಯೂಆರ್‌ನಲ್ಲಿ ಹಿಡಿಯುವುದು ಸರಿಯಾಗಿ 26 ಬೈಟ್! ಸಾಲಿಗೆ 25 ಚೌಕ, ಸುತ್ತಲೂ 4 ಚೌಕದಷ್ಟು ಬಿಳಿ ಸೇರಿ 33. ಒಟ್ಟು 16.5 ಮಿ.ಮೀ. ಜಾಗ ಕೊಟ್ಟರೆ ಒಂದು ಚೌಕ ಅರ್ಧ ಮಿ.ಮೀ., ಹಳೇ ಫೋನೂ ಓದುತ್ತೆ. ಬರೀ ಕಪ್ಪು 100 ಶಾಯಿಯಲ್ಲಿ, ಬಿಳಿಯ ಮೇಲೆ ಇರಲಿ. ಚಿತ್ರವಾಗಿ ಅಲ್ಲ, ಎಸ್‌ವಿಜಿಯಾಗಿ ಹಾಕಿ. ‘ಡೈನಮಿಕ್’ ಅಂತ ಉಚಿತವಾಗಿ ಕೊಡುವ ತಾಣಗಳ ಕ್ಯೂಆರ್ ಬೇಡ: ಅದು ಮೊದಲು ಅವರ ತಾಣಕ್ಕೆ ಹೋಗಿ ಆಮೇಲೆ ನಿಮ್ಮಲ್ಲಿಗೆ ಬರುತ್ತೆ, ಅವರು ನಿಲ್ಲಿಸಿದ ದಿನ ನಿಮ್ಮ 500 ಕಾರ್ಡೂ ಸತ್ತ ಹಾಗೆ.

ಮೊಳೆ_ಸುತ್ತಿಗೆ:

ಫೋನ್ ನಂಬರ್ ಕನ್ನಡ ಅಂಕಿಯಲ್ಲಿ ಹಾಕಿದರೆ? ಅಂಗಡಿ ಬೋರ್ಡಿಗೆ 60% ಕನ್ನಡ ಅಂತ ಇದೆಯಲ್ಲ, ಕಾರ್ಡಿಗೂ ಇದೆಯಾ? ಮತ್ತೆ ಆಫ್‌ಸೆಟ್ಟಾ ಡಿಜಿಟಲ್ಲಾ?

ಅಚ್ಚುಮೊಳೆ:

60% ನಿಯಮ ನಾಮಫಲಕಕ್ಕೆ, ಕಾರ್ಡಿಗಲ್ಲ. ನಂಬರನ್ನು 0–9ರಲ್ಲೇ ಹಾಕಿ, 5–5 ಬಿಡಿಸಿ, 10 ಪಾಯಿಂಟಿಗಿಂತ ಕಡಿಮೆ ಬೇಡ. ಕನ್ನಡ ಅಂಕಿ ಮೇಲೆ ಪ್ರೀತಿಯಿಲ್ಲ ಅಂತಲ್ಲ. ೬ ಮತ್ತು ೯ ಚಿಕ್ಕ ಗಾತ್ರದಲ್ಲಿ ಗೊಂದಲ, ಜೊತೆಗೆ ಡಿಟಿಪಿಯಲ್ಲಿ ೦ ಬದಲು ಅನುಸ್ವಾರ ಹೊಡೆದುಬಿಡುತ್ತಾರೆ. ಕಣ್ಣಿಗೆ ಒಂದೇ, ಆದರೆ ಅಳತೆ ಬೇರೆ, ಸಾಲು ಕುಂಟುತ್ತೆ. ಬಾಗಿಲ ಸಂಖ್ಯೆಗೆ ಬೇಕಾದರೆ ಬಳಸಿ.

500ಕ್ಕೆ ಡಿಜಿಟಲ್, ಅಂದರೆ ಆಫ್‌ಸೆಟ್‌ನಂತೆ ಪ್ಲೇಟ್ ಮಾಡದೆ ಫೈಲಿನಿಂದ ನೇರ ಅಚ್ಚು. ಕಡಿಮೆ ಬೆಲೆಯ ಆಫ್‌ಸೆಟ್ ಕಾರ್ಡುಗಳು ಸಾಮಾನ್ಯವಾಗಿ 1000ದ ಲಾಟು, ಹತ್ತಾರು ಜನರ ಕಾರ್ಡು ಒಂದೇ ಹಾಳೆಯಲ್ಲಿ. ಪಕ್ಕದವರ ಕೆಂಪಿಗೆ ಶಾಯಿ ಏರಿಸಿದರೆ ನಿಮ್ಮ ನೀಲಿಯೂ ತಿರುಗುತ್ತೆ, ತಕರಾರು ಮಾಡುವ ಹಾಗಿಲ್ಲ.

ಡಿಜಿಟಲ್‌ನಲ್ಲಿ ಲೆಕ್ಕ ಹಾಳೆಯದ್ದು. ಕಾರ್ಡು 89×51 ಮಿ.ಮೀ., ಚಾಚು ಸೇರಿ 95×57. 13×19 ಇಂಚಿನ ಹಾಳೆಗೆ ಅಗಲಕ್ಕೆ 3, ಉದ್ದಕ್ಕೆ 8, ಒಟ್ಟು 24. 500ಕ್ಕೆ 21 ಹಾಳೆ, 504 ಕಾರ್ಡು. ಆದರೆ ಮೊದಲು ಒಂದೇ ಹಾಳೆ ಹಾಕಿಸಿ, ಅದೇ ಬೋರ್ಡಿನ ಮೇಲೆ, ಎರಡೂ ಬದಿ. 24 ಕಾರ್ಡು ಸಿಗುತ್ತೆ. ಬಾಲ್‌ಪೆನ್ನಿನಿಂದ ಗೀಚಿ, ಮೂರು ಫೋನಿನಲ್ಲಿ ಕ್ಯೂಆರ್ ತೋರಿಸಿ, ಒಂದನ್ನು ಒಂದು ವಾರ ಅಂಗಿ ಜೇಬಿನಲ್ಲಿಟ್ಟು ನೋಡಿ. ಆಮೇಲೆ ಉಳಿದ 20 ಹಾಳೆಗೆ ಹೇಳಿ.