'ಬಿಹೇವಿಯರ್ ಸೆಟಿಂಗ್'ಗೆ 'ಕಣ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಸಮುದಾಯ ಮನೋವಿಜ್ಞಾನದ ಪಾಠವೊಂದನ್ನು ಬಿ.ಎ. ಓದುವ ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 'ಬಿಹೇವಿಯರ್ ಸೆಟಿಂಗ್' ಅನ್ನುವ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಯಾರೇ ಬಂದರೂ ಹೆಚ್ಚುಕಮ್ಮಿ ಒಂದೇ ಥರ ನಡೆದುಕೊಳ್ಳುವಂಥ ಜಾಗ ಮತ್ತು ಹೊತ್ತು ಅಂತ ಸದ್ಯಕ್ಕೆ ಇಟ್ಟುಕೊಳ್ಳಿ. ಜೊತೆಯವರು 'ವರ್ತನಾ ಸನ್ನಿವೇಶ' ಅಂತ ಹಾಕಿ ಮುಂದೆ ಹೋಗಿ ಅನ್ನುತ್ತಾರೆ. ನನಗ್ಯಾಕೋ ಒಪ್ಪಿಗೆಯಾಗುತ್ತಿಲ್ಲ.

ಈ ಮಾತನ್ನು ಬಳಕೆಗೆ ತಂದವರು ಮನೋವಿಜ್ಞಾನಿ ರೋಜರ್ ಬಾರ್ಕರ್. 1947ರಲ್ಲಿ ಅವರು ಹರ್ಬರ್ಟ್ ರೈಟ್ ಜೊತೆ ಸೇರಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಆಸ್ಕಲೂಸಾ ಎಂಬ ಪುಟ್ಟ ಊರಿನಲ್ಲಿ ಅಧ್ಯಯನ ಕೇಂದ್ರ ತೆರೆದರು. ಊರಿಗೆಲ್ಲ ಸೇರಿ ಜನ ಸುಮಾರು 700. ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆಸುವ ಬದಲು ಮಕ್ಕಳು ಇರುವ ಕಡೆಗೇ ಇವರು ಹೋದರು. ಏಳು ವರ್ಷದ ಒಬ್ಬ ಹುಡುಗ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಮಾಡಿದ್ದನ್ನೆಲ್ಲ ಎಂಟು ಜನ ಸರದಿ ಮೇಲೆ ಬರೆದುಕೊಂಡರು. ಆ ಒಂದು ದಿನದ ವರದಿಯೇ 1951ರಲ್ಲಿ ಇಡೀ ಪುಸ್ತಕವಾಗಿ ಬಂತು!

ಹೀಗೆ ನೋಡುತ್ತಾ ಹೋದಾಗ ಬಾರ್ಕರ್ ಅವರಿಗೆ ಕಂಡದ್ದು ಇದು. ಮಗು ಎಂಥದ್ದು ಅಂತ ತಿಳಿಯುವುದಕ್ಕಿಂತ ಈಗ ಎಲ್ಲಿದೆ ಅಂತ ತಿಳಿದರೆ ಅದರ ನಡವಳಿಕೆಯನ್ನು ಚೆನ್ನಾಗಿ ಊಹಿಸಬಹುದು. ಕ್ಲಾಸಿನಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಒಂದೇ ಮಗು ಬೇರೆಬೇರೆ ಥರ. ಅದೇ ಬೇರೆಬೇರೆ ಮಕ್ಕಳು ಒಂದೇ ಕಡೆ ಸೇರಿದರೆ ಹೆಚ್ಚುಕಮ್ಮಿ ಒಂದೇ ಥರ. ಬಾರ್ಕರ್ ಪ್ರಕಾರ ಸೆಟಿಂಗ್ ಅಂದರೆ ಬರೀ ಜಾಗ ಅಲ್ಲ. ಅದಕ್ಕೊಂದು ಹೊತ್ತು ಇರಬೇಕು, ಅಲ್ಲಿ ರೂಢಿಯಾದ ನಡವಳಿಕೆ ಇರಬೇಕು, ಸಾಮಾನು ಸರಂಜಾಮು ಆ ನಡವಳಿಕೆಗೆ ಹೊಂದಬೇಕು. ಜನ ಬದಲಾದರೂ ಅದು ನಡೆದುಕೊಂಡು ಹೋಗುತ್ತಿರಬೇಕು.

ಈಗ 'ಸನ್ನಿವೇಶ' ನೋಡಿ. 'ಅಂಥ ಸನ್ನಿವೇಶದಲ್ಲಿ ಇನ್ನೇನು ಮಾಡೋಕಾಗುತ್ತೆ' ಅಂತೀವಿ. ಅದು ಒಮ್ಮೆ ಬಂದು ಹೋಗುವಂಥದ್ದು. ವಾರವಾರವೂ ತಾನಾಗಿ ಕೂಡುವುದಲ್ಲ. 'ಪರಿಸರ' ಅಂದರೆ ಮಕ್ಕಳು ಗಿಡಮರದ ಚಿತ್ರ ಬರೆಯುತ್ತಾರೆ. 'ತಾಣ'ದಲ್ಲಿ ಹೊತ್ತಿನ ಅರ್ಥವಿಲ್ಲ, 'ಕೂಟ'ದಲ್ಲಿ ಜಾಗದ ಅರ್ಥವಿಲ್ಲ.

ಅರ್ಥ ಪೂರ್ತಿ ಹಿಡಿಯುವ ಪದ ಅಂದರೆ 'ಸಂತೆ'. ಸೋಮವಾರದ ಸಂತೆ ಮಂಗಳವಾರ ಅದೇ ಬಯಲಿನಲ್ಲಿ ಇರುವುದಿಲ್ಲ. ಮನೆಯಲ್ಲಿ ಮಾತೇ ಆಡದವರೂ ಸಂತೆಯಲ್ಲಿ ಹುರುಳಿಕಾಯಿ ಮುರಿದು ನೋಡಿ ಐದು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಮಾರುವವರು, ಕೊಳ್ಳುವವರು ಯಾರೇ ಆಗಲಿ, ಸಂತೆ ಸಂತೆಯೇ. ಆದರೆ ಅದು ಉದಾಹರಣೆಗೆ ಸರಿ, ಶಾಸ್ತ್ರದ ಪದವಾಗಲಾರದು. ಚರ್ಚನ್ನು ಸಂತೆ ಅಂದರೆ ಯಾರು ಸುಮ್ನಿರುತ್ತಾರೆ?

ಹಾಗಾಗಿ ನನ್ನ ಮನಸ್ಸು 'ಕಣ'ದ ಮೇಲಿದೆ. ಒಕ್ಕಣೆ ಕಾಲಕ್ಕೆ ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟರೆ ಅದು ಕಣ. ಅಲ್ಲಿಗೆ ಚಪ್ಪಲಿ ಬಿಟ್ಟು ಹೋಗಬೇಕು, ರಾಶಿಗೆ ಪೂಜೆ ಆಗಬೇಕು. ಸುಗ್ಗಿ ಮುಗಿದು ನೆಲ ಉತ್ತರೆ ಕಣವೂ ಇಲ್ಲ, ಅದರ ಕಟ್ಟಳೆಯೂ ಇಲ್ಲ. (ಈಗ ರಾಗಿ, ಹುರುಳಿ ಎಲ್ಲ ಟಾರು ರಸ್ತೆ ಮೇಲೆ ಹರವಿ ಬಸ್ಸಿನ ಚಕ್ರಕ್ಕೆ ಒಪ್ಪಿಸುತ್ತಾರೆ. ಅಲ್ಲಿ ಚಪ್ಪಲಿ ಬಿಡುವವರನ್ನು ನಾನು ಕಂಡಿಲ್ಲ.) ಕುಸ್ತಿ ಕಣ, ಚುನಾವಣಾ ಕಣಗಳಲ್ಲೂ ಇದೇ ಅರ್ಥ ಉಳಿದಿದೆ. ಕಣಕ್ಕಿಳಿದ ಮೇಲೆ ಎಂಥ ಬಿಗುಮಾನದವರೂ ಕೈಮುಗಿದುಕೊಂಡು ಮನೆಮನೆ ಸುತ್ತುತ್ತಾರೆ, ಅಲ್ವಾ?

ತೊಡಕು ಎರಡು. 'ವರ್ತನಾ ಕಣ' ಅಂದರೆ ವಿಜ್ಞಾನ ಓದಿದವರು ರಕ್ತಕಣದ ಸಾಲಿಗೆ ಸೇರಿಸುತ್ತಾರೆ. ಸಂಧಿ ಮಾಡಿ 'ನಡೆಗಣ' ಅಂದರೆ ಶಿವಗಣದ ಸಾಲಿಗೆ. 'ನಡವಳಿಕೆಯ ಕಣ' ಅಂತ ಬಿಡಿಸಿ ಬರೆದರೆ ಉದ್ದವಾದರೂ ಗೊಂದಲ ಕಡಿಮೆ ಅನ್ನಿಸುತ್ತದೆ.

ಇದರ ಬೆನ್ನಿಗೇ ಇನ್ನೊಂದು ಪದ ಬರುತ್ತದೆ, 'ಅಂಡರ್‌ಸ್ಟಾಫ್ಡ್ ಸೆಟಿಂಗ್'. ಅಂದರೆ ಕೆಲಸಕ್ಕೆ ಬೇಕಾದಷ್ಟು ಜನ ಇಲ್ಲದ ಸೆಟಿಂಗ್. ಬಾರ್ಕರ್ ಮತ್ತು ಪಾಲ್ ಗಂಪ್ 1964ರಲ್ಲಿ ಕ್ಯಾನ್ಸಸ್‌ನ ಹೈಸ್ಕೂಲುಗಳ ಅಧ್ಯಯನ ಪ್ರಕಟಿಸಿದರು. 35 ಮಕ್ಕಳ ಸ್ಕೂಲಿನಿಂದ 2,000 ದಾಟಿದ ಸ್ಕೂಲಿನವರೆಗೆ ಅದರಲ್ಲಿದ್ದವು. ದೊಡ್ಡ ಸ್ಕೂಲಿನಲ್ಲಿ ಚಟುವಟಿಕೆಗಳ ಬಗೆ ಜಾಸ್ತಿ. ಆದರೆ ನಾಟಕ, ಆಟ, ಸಂಗೀತದಲ್ಲಿ ಜವಾಬ್ದಾರಿ ಹೊತ್ತು ನಿಂತವರ ಪಾಲು ಸಣ್ಣ ಸ್ಕೂಲುಗಳಲ್ಲಿ ಹೆಚ್ಚು. ಜನ ಕಡಿಮೆ ಇದ್ದ ಕಡೆ ಹಿಂಜರಿಯುವ ಹುಡುಗನನ್ನೂ ಬಿಡೋ ಹಾಗಿಲ್ಲ. ಊರ ಮದುವೆಯಲ್ಲಿ ಬಡಿಸುವವರು ಸಾಲದಿದ್ದರೆ ಹತ್ತು ವರ್ಷದ ಹುಡುಗನ ಕೈಗೂ ಉಪ್ಪಿನ ಬಟ್ಟಲು ಬರುತ್ತದೆ. ಎಲೆ ಬಿಡದೆ, ಚೆಲ್ಲದೆ ಅವನು ಸಾಲು ಮುಗಿಸುತ್ತಾನೆ. ಕೇಟರಿಂಗ್‌ನವರು ಬಂದ ಛತ್ರದಲ್ಲಿ ಅದೇ ಹುಡುಗ ಮೂಲೆಯಲ್ಲಿ ಮೊಬೈಲ್ ಹಿಡಿದಿರುತ್ತಾನೆ. ತಪ್ಪು ಹುಡುಗನದಲ್ಲ ಅನ್ನುವುದು ಬಾರ್ಕರ್ ವಾದದ ತಿರುಳು, ನನಗೂ ಅದು ಸರಿ ಅನ್ನಿಸುತ್ತದೆ.

'ಸಿಬ್ಬಂದಿ ಕೊರತೆ' ಅಂದರೆ ಸರ್ಕಾರಿ ಕಚೇರಿಯ ನೆನಪು. 'ಕೈ ಸಾಲುತ್ತಿಲ್ಲ' ಅನ್ನುವ ಆಡುಮಾತು ಒಳ್ಳೆಯದಿದೆ, ಆದರೆ 'ಕೈಸಾಲದ ಕಣ' ಅಂತ ಬರೆದರೆ ಬಡ್ಡಿ ವ್ಯವಹಾರದ ವಾಸನೆ! ಬೇರೆ ಏನಾದರೂ ಹೊಳೆದರೆ ಹೇಳಿ.

ಕರಾವಳಿಯವರಿಗೆ ಒಂದು ಪ್ರಶ್ನೆ ಬೇರೆ. ನಿಮ್ಮ ಕಡೆ ಭತ್ತ ಬಡಿಯುವುದು ಮನೆ ಅಂಗಳದಲ್ಲೇ ಅಲ್ವಾ? 'ಕಣ' ಅಂದರೆ ನಿಮ್ಮ ಮಕ್ಕಳಿಗೆ ಚುನಾವಣೆ ಬಿಟ್ಟು ಬೇರೇನಾದರೂ ಹೊಳೆಯುತ್ತದಾ, ಅಥವಾ 'ಅಂಗಳ'ಕ್ಕೇ ಆ ಅರ್ಥವೆಲ್ಲ ಇದೆಯಾ?