ಟೈಟಾನಿಯಂ ಗ್ರೇಡ್ 5: ಟಿಪ್ ನಿಲ್ಲುತ್ತಿಲ್ಲ, ಯಾವ ಕೂಲಂಟ್ ಹಾಕಲಿ?

ತೂಬಿನಕೆರೆ_ಟರ್ನರ್
ತಲೆ ಕೆಟ್ಟುಹೋಗಿದೆ. ಲೇತ್ ಮೇಲೆ ಟೈಟಾನಿಯಂ ಗ್ರೇಡ್ 5 ಮಿಶ್ರಲೋಹದ ಬಾರ್ ಟರ್ನಿಂಗ್ ಜಾಬ್ ಬಂದಿದೆ. ನಾಲ್ಕೈದು ಪೀಸ್ ಆಗುವಷ್ಟರಲ್ಲಿ ಟಿಪ್ (ಲೋಹ ಕತ್ತರಿಸುವ ತುಣುಕು) ಮೂತಿ ಹೋಗುತ್ತದೆ, ಚಿಪ್ (ಕತ್ತರಿಸಿ ಬರುವ ಲೋಹದ ಸಿಪ್ಪೆ) ಬಂದು ಅದಕ್ಕೇ ಅಂಟುತ್ತದೆ. ಕೂಲಂಟ್ (ತಣ್ಣಗಿಡುವ ಎಣ್ಣೆ-ನೀರಿನ ಮಿಶ್ರಣ) ಫುಲ್ ಬಿಟ್ಟಿದ್ದೇನೆ. ಪಾರ್ಟಿ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಒಳ್ಳೆ ಕೂಲಂಟ್ ಹೆಸರು ಹೇಳಿ, ಸಾಕು.

ಹೆಬ್ಬಾಳ_ಮಿಲ್ಲರ್
ಟಿಪ್ ಚಿನ್ನದ ಬಣ್ಣದ್ದಾ? ಅದು ಟೈಟಾನಿಯಂ ನೈಟ್ರೈಡ್ ಕೋಟಿಂಗ್. ಟೈಟಾನಿಯಂಗೆ ಟೈಟಾನಿಯಂ ಅಂಟದೇ ಇರುತ್ತದಾ? ಕೋಟಿಂಗ್ ಇಲ್ಲದ ಕಾರ್ಬೈಡ್ ಟಿಪ್ ಹಾಕಿ.

ಕೂರ್ಗಳ್ಳಿ_ಟೂಲ್‌ರೂಮ್
ಡಯಾ ಎಷ್ಟು, ಆರ್‌ಪಿಎಂ ಎಷ್ಟು, ಕೂಲಂಟ್ ಎಷ್ಟು ಪರ್ಸೆಂಟ್? ಇದನ್ನೆಲ್ಲ ಹೇಳದೆ ಹೆಸರು ಕೇಳಿದರೆ ಏನು ಹೇಳುವುದು ಗುರುಗಳೇ?

ತೂಬಿನಕೆರೆ_ಟರ್ನರ್
ಮಾಮೂಲಿ ಸ್ಪೀಡೇ ಸಾರ್. ಕೂಲಂಟ್ ಬೆಳ್ಳಗೆ ಬರುವಷ್ಟು ಹಾಕಿದ್ದೇವೆ.

ಹೆಬ್ಬಾಳ_ಮಿಲ್ಲರ್
ಕೋಟಿಂಗ್ ಬಗ್ಗೆ ಉತ್ತರ ಬರಲಿಲ್ಲ. ಕೂಲಂಟ್ ಆಮೇಲೆ ನೋಡೋಣ.

ಮೇಟಗಳ್ಳಿ_ಸಿಎನ್‌ಸಿ
ನಮ್ಮಲ್ಲಿ 70 ಬಾರ್ ಪ್ರೆಷರ್ ಪಂಪ್ ಇದೆ, ಹೋಲ್ಡರ್ ಒಳಗಿಂದಲೇ ಕೂಲಂಟ್. ಸಾದಾ ಪೈಪಿನ ನೀರು ಕಟಿಂಗ್ ಎಡ್ಜ್ ಹತ್ತಿರ ಹೋಗುತ್ತಲೇ ಆವಿಯಾಗಿ ಪದರ ಕಟ್ಟುತ್ತದೆ, ಒಳಗೆ ನುಗ್ಗುವುದಿಲ್ಲ. ಪ್ರೆಷರ್ ಆ ಪದರವನ್ನು ಒಡೆಯುತ್ತದೆ, ಚಿಪ್ ಕೂಡ ತುಂಡಾಗಿ ಬೀಳುತ್ತದೆ. ಫೋಟೋ ಹಾಕಲಾ?

ಕೂರ್ಗಳ್ಳಿ_ಟೂಲ್‌ರೂಮ್
ಅವರ ಹತ್ತಿರ ಇರುವುದು ಸಾದಾ ಪಂಪ್. ನಿಮ್ಮ ಫೋಟೋ ತಗೊಂಡು ಏನು ಮಾಡುತ್ತಾರೆ?

ಮದ್ದೂರು_ಗ್ರೈಂಡಿಂಗ್
ನೀರೇ ಬೇಡ. ಕ್ಲೋರಿನ್ ಇರುವ ನೀಟ್ ಆಯಿಲ್ (ನೀರು ಬೆರೆಸದ ಎಣ್ಣೆ) ಹಾಕಿ, ಬೆಣ್ಣೆ ಥರ ಕಟ್ ಆಗುತ್ತದೆ.

ಕೂರ್ಗಳ್ಳಿ_ಟೂಲ್‌ರೂಮ್
ಸ್ವಾಮಿ, ಸುಮ್ನೆ ಹೇಳಬೇಡಿ. ಕ್ಲೋರಿನ್ ಉಳಿದುಕೊಂಡು ಪಾರ್ಟ್ ಆಮೇಲೆ ಬಿಸಿಯಾದರೆ ಬಿರುಕು ಬಿಡಬಹುದು. ವಿಮಾನದ ಪಾರ್ಟ್ ಆದರೆ ಪಾರ್ಟಿ ಒಪ್ಪುವುದಿಲ್ಲ. ಮತ್ತೆ ಸಣ್ಣ ಟೈಟಾನಿಯಂ ಚಿಪ್ಸಿಗೆ ಕಿಡಿ ಬಿದ್ದರೆ ಎಣ್ಣೆಯೂ ಜೊತೆಗೆ ಉರಿಯುತ್ತದೆ.

ಮದ್ದೂರು_ಗ್ರೈಂಡಿಂಗ್
ಬೆಂಕಿ ಬಿದ್ದರೆ ನೀರು ಹಾಕಿದರಾಯಿತು.

ಮೇಟಗಳ್ಳಿ_ಸಿಎನ್‌ಸಿ
ಅಯ್ಯೋ ಬೇಡ! ಉರಿಯುವ ಟೈಟಾನಿಯಂಗೆ ನೀರು ಬಿದ್ದರೆ ಹೈಡ್ರೋಜನ್ ಬರುತ್ತದೆ, ಬೆಂಕಿ ಇನ್ನೂ ಜಾಸ್ತಿ. ಒಣ ಮರಳು, ಇಲ್ಲವೇ ಲೋಹದ ಬೆಂಕಿ ಆರಿಸುವ ಡಿ ಕ್ಲಾಸ್ ಸಿಲಿಂಡರ್. ಚಿಪ್ಸ್ ಗುಡ್ಡೆ ಹಾಕದೆ ಆಗಾಗ ತೆಗೆಯಿರಿ.

ತೂಬಿನಕೆರೆ_ಟರ್ನರ್
ಬೆಂಕಿ ವಿಷಯ ಬಿಡಿ ಸಾರ್, ನನ್ನ ಟಿಪ್ ಕಥೆ ಹೇಳಿ. ಡಯಾ 25 ಎಂಎಂ, ಆರ್‌ಪಿಎಂ 1200. ಇಎನ್ 8 ಉಕ್ಕಿಗೆ ಇದಕ್ಕಿಂತ ಜಾಸ್ತಿಯೇ ಓಡಿಸುತ್ತೇವೆ.

ಕೂರ್ಗಳ್ಳಿ_ಟೂಲ್‌ರೂಮ್
ಈಗ ಸಿಕ್ಕಿತು ನೋಡಿ. ಅಂದರೆ ಕಟಿಂಗ್ ಸ್ಪೀಡ್ ನಿಮಿಷಕ್ಕೆ 94 ಮೀಟರ್. ಸಾದಾ ಕಾರ್ಬೈಡ್‌ಗೆ 45ರ ಆಸುಪಾಸಿನಲ್ಲಿ ಶುರು ಮಾಡಿ, ಅಂದರೆ 570 ಆರ್‌ಪಿಎಂ. ಗ್ರೇಡ್ 5 ಶಾಖ ಸಾಗಿಸುವುದು ಇಎನ್ 8ರ ಏಳನೇ ಒಂದು ಪಾಲಷ್ಟೇ. ಬಿಸಿ ಚಿಪ್ ಜೊತೆ ಹೋಗುವ ಬದಲು ಟಿಪ್‌ಗೇ ಇಳಿಯುತ್ತದೆ. ಇಷ್ಟು ಸ್ಪೀಡಿಗೆ ಯಾವ ಕೂಲಂಟೂ ಕಾಪಾಡಲ್ಲ. ಫೀಡ್ (ಒಂದು ಸುತ್ತಿಗೆ ಟಿಪ್ ಮುಂದೆ ಸಾಗುವ ದೂರ) ಮಾತ್ರ ತೀರಾ ಇಳಿಸಬೇಡಿ. ಟಿಪ್ ಕತ್ತರಿಸದೆ ಉಜ್ಜಿದರೆ ಮೇಲ್ಮೈ ಗಟ್ಟಿಯಾಗುತ್ತದೆ.

ಕೂಲಂಟ್ 8ರಿಂದ 10 ಪರ್ಸೆಂಟ್ ಇಡಿ. ಬಣ್ಣ ನೋಡಿ ಅಂದಾಜು ಮಾಡಬೇಡಿ, 3 ಪರ್ಸೆಂಟೂ ಬೆಳ್ಳಗೇ ಕಾಣುತ್ತದೆ. ಕೂಲಂಟ್ ಎಷ್ಟು ಗಟ್ಟಿ ಎಂದು ಅಳೆಯುವ ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ, ಅದರ ರೀಡಿಂಗನ್ನು ಕ್ಯಾನ್ ಮೇಲಿನ ಫ್ಯಾಕ್ಟರಿನಿಂದ ಗುಣಿಸಿ. ನಾಝಲ್ ಸರಿಯಾಗಿ ಎಡ್ಜಿಗೇ ಬೀಳಲಿ.

ತೂಬಿನಕೆರೆ_ಟರ್ನರ್
600ಕ್ಕೆ ಇಳಿಸಿದೆ. ಟಿಪ್ ಈಗ ಮೊದಲಿಗಿಂತ ಎಷ್ಟೋ ಜಾಸ್ತಿ ಬರುತ್ತಿದೆ. ಆದರೆ ಟ್ಯಾಂಕ್ ಮೇಲೆ ಕೆನೆ ಕಟ್ಟಿದೆ. ಬೋರ್ ನೀರು, ದಿನಾ ಬರೀ ನೀರು ಟಾಪಪ್ ಮಾಡುತ್ತೇವೆ.

ಕೂರ್ಗಳ್ಳಿ_ಟೂಲ್‌ರೂಮ್
ಗಡಸು ನೀರಾದರೆ ಎಣ್ಣೆ ಒಡೆದು ಮೇಲೆ ಬರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಟ್ಯಾಂಕಲ್ಲೇ ಉಳಿಯುತ್ತದೆ. ಮತ್ತೆ ಅದೇ ನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಖಾಲಿ ಮಾಡಿ, ತೊಳೆದು, ಆರ್‌ಓ ನೀರಲ್ಲಿ ಹೊಸದು ಮಾಡಿ. ನೀರಿಗೆ ಎಣ್ಣೆ ಸುರಿಯಿರಿ, ಎಣ್ಣೆಗೆ ನೀರಲ್ಲ. ಟಾಪಪ್‌ಗೂ ತೆಳ್ಳಗೆ ಕಲಸಿದ್ದೇ ಹಾಕಿ.

ಹೆಬ್ಬಾಳ_ಮಿಲ್ಲರ್
ಕೋಟಿಂಗ್ ಬದಲಾಯಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಮೇಟಗಳ್ಳಿ_ಸಿಎನ್‌ಸಿ
ನಮ್ಮ ಆರ್‌ಓ ಪ್ಲಾಂಟ್ ಪಂಪ್ ಪಕ್ಕದಲ್ಲೇ ಇದೆ. ಎರಡೂ ಒಂದೇ ಫೋಟೋದಲ್ಲಿ ಬರುತ್ತವೆ.

ತೂಬಿನಕೆರೆ_ಟರ್ನರ್
ಸಾರ್, ಇದೇ ಪೀಸಿಗೆ 4 ಎಂಎಂ ತೂತು ಇದೆ, 40 ಆಳ. ಡ್ರಿಲ್ ಒಳಗೇ ಮುರಿಯುತ್ತಿದೆ. ಅದಕ್ಕೂ ಇದೇ ಕೂಲಂಟ್ ಸಾಕಾ?